ನಸುಗುನ್ನಿ ಬೀಜ ತಿಂದ ನನ್ನ ಪತಿ ಕಾಣೆಯಾಗಿ ಸಿಕ್ಕಿದ ಬಗ್ಗೆ

ಹೆಸರು ಮಹಾನಂದ ಕೋಂ ಪ್ರಭುದೇವ, ವಯಸ್ಸು 53 ವರ್ಷ, ಕೋಳಿ ಆಹಾರ ತಯಾರಿಸಿ ಮಾರುವ ಕೆಲಸ, ವಾಸ ಚಾಮರಾಜಪೇಟೆ ನಾಲ್ಕನೇ ಮುಖ್ಯರಸ್ತೆ, ಬೆಂಗಳೂರು. ನನ್ನ ಪತಿ ಕಾಣೆಯಾದ ಬಗ್ಗೆ ನಾನು ಕೊಟ್ಟಿದ್ದ ದೂರಿನ ಮುಂದುವರಿಕೆಯಾಗಿ, ಅವರ ಜೊತೆ ಇದ್ದರೆನ್ನಲಾದ ಮೂವರು ಯಾರು ಎಂದು ಠಾಣೆಯವರು ಕೇಳಿದ್ದರಿಂದ ಇಂದು ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಪತಿ ಪ್ರಭುದೇವರವರಿಗೆ 62 ವರ್ಷ. ನಮ್ಮ ಮಾವ ರೇವಣಸಿದ್ದಯ್ಯನವರ ಕಾಲದಿಂದ ನಮಗೆ ಅಕ್ಕಿಪೇಟೆಯಲ್ಲಿ ಬೇಳೆಕಾಳಿನ ಸಗಟು ಅಂಗಡಿ ಇತ್ತು. ಮಾವ ತೀರಿಕೊಂಡ ಮೇಲೆ ನನ್ನ ಪತಿಯೇ ನಡೆಸಿದರು. 2013ರಲ್ಲಿ ಅದನ್ನು ಬೇರೆಯವರಿಗೆ ಕೊಟ್ಟೆವು. ಈಗ ಅದು ಶಟರ್ ಎಳೆದ ಗೋದಾಮು. ನಾನು ಪಶು ಆಹಾರ ವಿಷಯದಲ್ಲಿ ಓದಿದವಳು. ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡಿ, ಬಿಟ್ಟು, ಐದು ವರ್ಷದಿಂದ ಮನೆ ಹಿತ್ತಲಿನಲ್ಲಿ ನಾಟಿ ಕೋಳಿ ಸಾಕುವವರಿಗಾಗಿ ಸಣ್ಣ ಪ್ರಮಾಣದಲ್ಲಿ ಆಹಾರ ತಯಾರಿಸುತ್ತಿದ್ದೇನೆ. ನಮ್ಮ ಒಬ್ಬಳೇ ಮಗಳು ಶರಣ್ಯ ಶಾಲಾ ಶಿಕ್ಷಕಿ, ನಮ್ಮ ಜೊತೆಯಲ್ಲೇ ಇದ್ದಾಳೆ.

ನನ್ನ ಪತಿಗೆ ಏಳು ವರ್ಷದಿಂದ ಪಾರ್ಕಿನ್ಸನ್ ಕಾಯಿಲೆ ಇದೆ. ನಡುಕ ಕಡಿಮೆ, ಬಿಗಿತ ಜಾಸ್ತಿ. ಮುಖ ಅಲುಗುವುದಿಲ್ಲ. ನಗುತ್ತಿದ್ದಾರೋ ಕೋಪ ಮಾಡಿಕೊಂಡಿದ್ದಾರೋ ಎಂದು ಕಣ್ಣು ನೋಡಿ ತಿಳಿಯಬೇಕು. ಬಯಲಿನಲ್ಲಿ ಹೇಗೋ ನಡೆಯುವ ಮನುಷ್ಯ ಬಾಗಿಲ ಹತ್ತಿರ ಬಂದ ಕೂಡಲೇ ಕಾಲು ನೆಲಕ್ಕೆ ಅಂಟಿಕೊಂಡ ಹಾಗೆ ನಿಂತುಬಿಡುತ್ತಾರೆ. ಆಗ ನಾನು ಅವರ ಕಾಲಿನ ಮುಂದೆ ನನ್ನ ಪಾದ ಅಡ್ಡ ಇಡುತ್ತೇನೆ. ದಾಟಲು ಒಂದು ಗೆರೆ ಸಿಕ್ಕಿದರೆ ಕಾಲು ಏಳುತ್ತದೆ. ಡಾ. ಕಶ್ಯಪ್ ಎಂಬ ನರರೋಗ ತಜ್ಞರು ಕೊಟ್ಟ ಮಾತ್ರೆಯನ್ನು ದಿನಕ್ಕೆ ನಾಲ್ಕು ಸಲ ತೆಗೆದುಕೊಳ್ಳುತ್ತಾರೆ.

ಕೋಳಿ ಆಹಾರದಲ್ಲಿ ಸಸಾರಜನಕಕ್ಕಾಗಿ ಎಲ್ಲರೂ ಸೋಯಾ ಹಿಂಡಿಯನ್ನೇ ಹಾಕುತ್ತಾರೆ. ಅದರ ಬದಲು ನಮ್ಮ ಸೀಮೆಯಲ್ಲಿ ಬೆಳೆಯುವ ಹುರುಳಿ, ಅಲಸಂದೆ, ನಸುಗುನ್ನಿ ಮುಂತಾದ ಕಾಳುಗಳಿಂದ ಆಗುತ್ತದೆಯೇ ನೋಡಬೇಕೆಂದು ನನಗೆ ಮೊದಲಿನಿಂದ ಇತ್ತು. ಕಳೆದ ಜನವರಿ ಕೊನೆಯಲ್ಲಿ ನಸುಗುನ್ನಿಯಿಂದ ಶುರು ಮಾಡಿದೆ. ಇದು ಕಾಡಿನಲ್ಲಿ ಬೆಳೆದು ಮೈ ತುರಿಸುವ ಜಾತಿಯಲ್ಲ, ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ತಳಿ. ಬೀಜ ಅವರೆಗಿಂತ ದಪ್ಪ, ಹೊಳಪು, ಮೇಲೆ ಬೂದು ಚುಕ್ಕೆ. ಹಿತ್ತಲಿನಲ್ಲಿ ಮೂರು ಗೂಡು ಮಾಡಿ ಗೂಡಿಗೆ ಹತ್ತರಂತೆ ಗಿರಿರಾಜ ಕೋಳಿ ಬಿಟ್ಟೆ. ಒಂದನೇ ಗೂಡಿಗೆ ಎಂದಿನ ಸೋಯಾ. ಎರಡನೇ ಗೂಡಿಗೆ ನೆನೆಸಿ, ನೀರು ಬಸಿದು, ಬೇಯಿಸಿ ಒಣಗಿಸಿದ ನಸುಗುನ್ನಿ. ಮೂರನೇ ಗೂಡಿಗೆ ಹೋಲಿಕೆಗಾಗಿ ಹಸಿ ಬೀಜದ ನುಚ್ಚು. ಹಸಿ ಬೀಜ ಕೋಳಿಗೆ ಒಗ್ಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಎಷ್ಟು ಒಗ್ಗುವುದಿಲ್ಲ ಎಂದು ನೋಡಬೇಕಾಗಿತ್ತು. ಹಸಿ ಬೀಜದಲ್ಲಿರುವ ವಸ್ತುವೂ ನನ್ನ ಪತಿಯ ಮಾತ್ರೆಯಲ್ಲಿರುವ ವಸ್ತುವೂ ಒಂದೇ ಎಂದು ಓದಿ ತಿಳಿದಿತ್ತು. ಆದರೆ ಕೋಳಿ ಮೇವಿಗೂ ಅವರಿಗೂ ಸಂಬಂಧ ಬರುತ್ತದೆಂದು ಹೊಳೆಯಲಿಲ್ಲ.

ಫೆಬ್ರವರಿ ಮೊದಲ ವಾರದಲ್ಲಿ ಒಂದು ದಿನ ನಾನು ಹಿತ್ತಲಿನಲ್ಲಿ ಬೀಜ ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ನನ್ನ ಪತಿ ಕುರ್ಚಿಯಲ್ಲಿ ಕೂತು ಜೊತೆಗೆ ಆರಿಸುತ್ತಿದ್ದರು. ಕಾಳನ್ನು ಹಲ್ಲಿನಲ್ಲಿ ಕಡಿದು ತೇವ ಎಷ್ಟಿದೆ ಎಂದು ನೋಡುವುದು ಅಂಗಡಿ ಕಾಲದ ಅಭ್ಯಾಸ. ಹಾಗೆ ಕಡಿದದ್ದನ್ನು ಅವರು ಉಗುಳದೆ ನುಂಗಿದ್ದಾರೆ. ಒಂದೆರಡಲ್ಲ, ಬಹಳ. ನಾನು ಗಮನಿಸಲಿಲ್ಲ. ಊಟಕ್ಕೆ ಕರೆದಾಗ ಅವರು ಎದ್ದು, ನನಗಿಂತ ಮುಂದೆ ನಡೆದು, ಹಿಂಬಾಗಿಲು ದಾಟಿ ಒಳಗೆ ಹೋದರು. ನಿಲ್ಲಲಿಲ್ಲ. ನಾನು ಹೊರಗೇ ನಿಂತುಬಿಟ್ಟೆ. ಒಳಗಿನಿಂದ ಅವರು, "ಬಾ ಮಹಾ, ಯಾಕೆ ಅಲ್ಲೇ ನಿಂತ್ಬಿಟ್ಟೆ?" ಎಂದು ನಕ್ಕರು. ಆ ನಗು ನೋಡಿ ಎರಡು ವರ್ಷವಾಗಿತ್ತು.

ಮಾತ್ರೆ ಈಗ ಹಿಡಿಯುತ್ತಿದೆ ಎಂದುಕೊಂಡೆ. ಬೀಜ ನುಂಗಿದ್ದನ್ನು ನನ್ನ ಪತಿ ಹೇಳಲಿಲ್ಲ. ಆ ನಂತರ ಅವರು ದಿನದಿನಕ್ಕೆ ಚೆನ್ನಾದರು. ಅಂಗಿಯ ಗುಂಡಿ ತಾವೇ ಹಾಕಿಕೊಂಡರು. ಶಿವರಾತ್ರಿಯ ದಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಾವೇ ಇಷ್ಟಲಿಂಗ ಪೂಜೆ ಮಾಡಿದರು. ಶರಣ್ಯ ಪಕ್ಕದ ಕೋಣೆಗೆ ಹೋಗಿ ಅತ್ತಳು.

ಅದೇ ದಿನಗಳಲ್ಲಿ ಮೂರನೇ ಗೂಡಿನ ಕೋಳಿಗಳ ಸದ್ದು ನಿಂತಿತು. ಮೇವು ಅರ್ಧಕ್ಕೆ ಬಿಡುತ್ತಿದ್ದವು, ಮೊಟ್ಟೆ ಬಹಳ ಕಡಿಮೆಯಾಯಿತು. ಇದನ್ನು ನಿರೀಕ್ಷಿಸಿದ್ದೆ. ನಿರೀಕ್ಷಿಸದೆ ಇದ್ದದ್ದು ಏನೆಂದರೆ, ಹಿತ್ತಲಿಗೆ ಬಿಟ್ಟಾಗ ಅವು ಕಾಂಪೌಂಡ್ ಗೋಡೆಯ ಒಂದೇ ಜಾಗವನ್ನು ಕುಕ್ಕುತ್ತಿದ್ದವು. ಅಲ್ಲಿ ಹುಳುವಿಲ್ಲ, ಇರುವೆಯಿಲ್ಲ, ಬಿರುಕೂ ಇಲ್ಲ. ನಾನೇ ಬಗ್ಗಿ ಬೆರಳಾಡಿಸಿ ನೋಡಿದೆ. ಕುಕ್ಕುವುದು, ಕತ್ತು ಓರೆ ಮಾಡಿ ನೋಡುವುದು, ಮತ್ತೆ ಕುಕ್ಕುವುದು. ಆ ವಸ್ತು ಮಿದುಳಿಗೆ ಹತ್ತಿದರೆ ಹಕ್ಕಿಗಳು ಹೀಗೆ ಮಾಡುವುದುಂಟು ಎಂದು ಓದಿದ್ದೆ. ಹಾಗಾಗಿ ಹೆದರಲಿಲ್ಲ.

ಹೆದರಿಕೆಯಾದದ್ದು ಶಿವರಾತ್ರಿ ಕಳೆದ ಮಾರನೇ ದಿನ, ಮಧ್ಯಾಹ್ನ ಸುಮಾರು ಮೂರು ಗಂಟೆಗೆ. ನನ್ನ ಪತಿ ಹಿತ್ತಲಿನ ಕುರ್ಚಿಯಲ್ಲಿ ಕೂತು ಗಾರೆ ನೆಲದಿಂದ ಏನನ್ನೋ ಹೆಬ್ಬೆರಳು ತೋರುಬೆರಳಿನಲ್ಲಿ ಎತ್ತಿ ಎಡಗೈಗೆ ಹಾಕಿಕೊಳ್ಳುತ್ತಿದ್ದರು. ನೆಲ ಗುಡಿಸಿದ್ದು ನಾನೇ, ಏನೂ ಇರಲಿಲ್ಲ. ಎಡಗೈ ಖಾಲಿ. ಏನು ಮಾಡುತ್ತಿದ್ದೀರಿ ಎಂದು ಕೇಳಿದೆ. "ಮಾಲು ನೋಡ್ತಾ ಇದೀನಿ. ಅವರು ತಂದಿದಾರಲ್ಲ" ಎಂದರು. ಯಾರು ಎಂದೆ. ಸಂಪಿಗೆ ಮರದ ಕೆಳಗಿನ ಕಲ್ಲುಹಾಸಿನ ಕಡೆ ಗಲ್ಲ ತೋರಿಸಿ, "ಬೆಳಗ್ಗಿಂದ ಕೂತಿದಾರೆ ಪಾಪ, ಮೂರು ಜನ. ಒಬ್ಬಳು ಹೆಂಗಸು, ಇಬ್ಬರು ಗಂಡಸ್ರು. ತೊಡೆ ಮೇಲೆ ಚೀಲ ಇಟ್ಕೊಂಡು. ಮಾತೇ ಆಡಲ್ಲ" ಎಂದರು. ಅವರ ಧ್ವನಿಯಲ್ಲಿ ಭಯ ಇರಲಿಲ್ಲ. ಬಂದವರನ್ನು ಕಾಯಿಸಿದೆನಲ್ಲ ಎಂಬ ಸಂಕೋಚ ಇತ್ತು. ಕಲ್ಲುಹಾಸಿನ ಮೇಲೆ ಬಿಸಿಲು ಬಿಟ್ಟರೆ ಬೇರೆ ಏನೂ ನನಗೆ ಕಾಣಲಿಲ್ಲ.

ಸೋಮವಾರ ಡಾ. ಕಶ್ಯಪ್‌ರವರಿಗೆ ತೋರಿಸಿದೆ. ಅವರು ಮಾತ್ರೆಯ ಲೆಕ್ಕಕ್ಕೂ ಈ ಚುರುಕಿಗೂ ಹೊಂದುವುದಿಲ್ಲವೆಂದು, ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಕೇಳಿದರು. ನನ್ನ ಪತಿ ತಲೆ ತಗ್ಗಿಸಿದರು. ಆಗಲೇ ನನಗೆ ತಿಳಿದದ್ದು. ಇಷ್ಟು ದಿನ ಅವರು ದಿನಾ ಮೂಟೆಯಿಂದ ಹಸಿ ಬೀಜ ತೆಗೆದು ತಿನ್ನುತ್ತಿದ್ದರು. ಇದು ಮಾತ್ರೆಯ ಮೇಲೆ ಮಾತ್ರೆ ನುಂಗಿದ ಹಾಗೆ, ಇಲ್ಲದವರು ಕಾಣುವುದು ಅದರಿಂದಲೇ, ಕೂಡಲೇ ನಿಲ್ಲಿಸಿ ಎಂದು ವೈದ್ಯರು ಹೇಳಿದರು. ಹೊರಗೆ ಬಂದ ಮೇಲೆ ನನ್ನ ಪತಿ, "ನಡೀತಾ ಇದೀನಲ್ಲ ಮಹಾ. ಅದು ಸಾಲದಾ? ಅವರು ಯಾರಿಗೂ ಏನೂ ತೊಂದ್ರೆ ಮಾಡಲ್ಲ" ಎಂದರು. ಮನೆಗೆ ಬಂದು ಮೂಟೆಯನ್ನು ಸ್ಟೋರ್ ರೂಮಿಗೆ ಹಾಕಿ ಬೀಗ ಹಾಕಿದೆ.

ಮಂಗಳವಾರ ಬೆಳಿಗ್ಗೆ ತಿಂಡಿಗೆ ಕರೆಯಲು ಹೋದಾಗ ಮೂರನೇ ಗೂಡಿನ ಬಾಗಿಲು ತೆರೆದಿತ್ತು. ನನ್ನ ಪತಿ ಒಳಗೆ ಕೋಳಿಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಮೇವಿನ ತೊಟ್ಟಿಯಿಂದ ನುಚ್ಚನ್ನು ಎರಡು ಬೆರಳಿನಲ್ಲಿ ಎತ್ತೆತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೇರೆ ಯಾರೇ ಹೋದರೂ ಗದ್ದಲ ಮಾಡಿ ಚೆದುರುವ ಕೋಳಿಗಳು ಅವರ ಎರಡೂ ಪಕ್ಕ ಒತ್ತಿಕೊಂಡು ನಿಂತಿದ್ದವು. ಕುಕ್ಕುವಾಗ ಅವೂ ಅವರೂ ಒಟ್ಟಿಗೆ ತಲೆ ತಗ್ಗಿಸುತ್ತಿದ್ದರು, ಒಟ್ಟಿಗೆ ಎತ್ತುತ್ತಿದ್ದರು. ನಾನು ಕೂಗಿದೆ. ಹತ್ತು ಕೋಳಿಗಳೂ ನನ್ನ ಪತಿಯೂ ಒಮ್ಮೆಗೇ ನನ್ನ ಕಡೆ ಕತ್ತು ತಿರುಗಿಸಿದರು. ಇದನ್ನು ಬರೆದುಕೊಳ್ಳಲು ಠಾಣೆಯವರು ಹಿಂಜರಿದರು. ನಡೆದದ್ದು ಹೀಗೆಯೇ.

ಅಂದೇ ಮೂರನೇ ಗೂಡಿನ ಮೇವನ್ನು ಚರಂಡಿಗೆ ಸುರಿದು ತೊಟ್ಟಿ ತೊಳೆದೆ. ಆ ಕೋಳಿಗಳಿಗೂ ಸೋಯಾ ಹಾಕಿದೆ.

ಬುಧವಾರ ಪಕ್ಕದ ಮನೆಯ ಜಾನಕಮ್ಮನವರು ಕಾಂಪೌಂಡಿನ ಆಚೆಯಿಂದ, ಮನೆಗೆ ಹಳ್ಳಿಯಿಂದ ಯಾರಾದರೂ ಬಂದಿದ್ದಾರೆಯೇ ಎಂದು ಕೇಳಿದರು. ಯಾಕೆ ಎಂದೆ. "ನಿಮ್ಮ ಯಜಮಾನ್ರು ನಿನ್ನೆ ಮಧ್ಯಾಹ್ನ ತಟ್ಟೆಯಲ್ಲಿ ಮಜ್ಜಿಗೆ ಲೋಟ ಇಟ್ಕೊಂಡು ಹಿತ್ತಲಿಗೆ ಬಂದ್ರಲ್ಲ, ನಾಲ್ಕು ಲೋಟ. ಮರ ಅಡ್ಡ ಇತ್ತು, ಎಷ್ಟು ಜನ ಅಂತ ಕಾಣ್ಲಿಲ್ಲ" ಎಂದರು. ಆ ಹೊತ್ತಿನಲ್ಲಿ ನಾನು ಮಿಲ್ಲಿಗೆ ಹೋಗಿದ್ದೆ. ಒಳಗೆ ಬಂದು ನೋಡಿದಾಗ ನಾಲ್ಕು ಲೋಟಗಳೂ ಪಾತ್ರೆ ತೊಳೆಯುವ ತೊಟ್ಟಿಯ ಹತ್ತಿರ ಬೋರಲಾಗಿದ್ದವು. ಮಜ್ಜಿಗೆ ಪಾತ್ರೆ ಖಾಲಿಯಾಗಿತ್ತು. ಒಬ್ಬರೇ ಕುಡಿದಿರಬಹುದು.

ಅಂದು ಸಂಜೆ ನಾಲ್ಕಕ್ಕೆ ಮೂರು ಗೂಡಿನ ಕೋಳಿಗಳನ್ನೂ ಹಿತ್ತಲಿಗೆ ಬಿಟ್ಟು ಜೋಳ ಎರಚಿದೆ. ಕಲ್ಲುಹಾಸಿನ ಮೇಲೂ ಬಿತ್ತು. ಕೋಳಿಗಳು ಹಿತ್ತಲನ್ನೆಲ್ಲ ಕೆದಕಿ ತಿಂದವು. ಕಲ್ಲುಹಾಸಿನಲ್ಲಿ ಮಾತ್ರ ಮೂರು ಕಡೆ ಜೋಳ ಹಾಗೇ ಉಳಿಯಿತು. ಅವುಗಳ ನಡುವಿನ ಸಂದಿಯಲ್ಲಿ ನುಸುಳಿ ಹೋಗುತ್ತಿದ್ದವೇ ಹೊರತು ಆ ಮೂರು ಜಾಗ ತುಳಿಯಲಿಲ್ಲ. ಹಸಿ ಬೀಜ ತಿಂದ ಕೋಳಿಗಳಾದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಮೊದಲಿನಿಂದಲೂ ಬರೀ ಸೋಯಾ ತಿಂದ ಒಂದನೇ ಗೂಡಿನ ಕೋಳಿಗಳೂ ಹಾಗೇ ಸುತ್ತಿಕೊಂಡು ಹೋದವು. ನಾನು ಪೊರಕೆ ತಂದು ಆ ಜೋಳ ಗುಡಿಸಲು ಹೋದೆ. ಗುಡಿಸಲಿಲ್ಲ. ಪೊರಕೆ ಗೋಡೆಗೆ ಒರಗಿಸಿ ಒಳಗೆ ಬಂದು ಹಿಂಬಾಗಿಲು ಹಾಕಿದೆ.

ಮಾರ್ಚ್ 14, ಗುರುವಾರ. ನಮ್ಮ ಬೀದಿಗೆ ಆರು ದಿನದಿಂದ ನೀರು ಬಂದಿರಲಿಲ್ಲ. ಟ್ಯಾಂಕರ್ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಬಂತು. ಪೈಪ್ ಎಳೆಯಲು ಗೇಟು ಪೂರ್ತಿ ತೆರೆದಿಟ್ಟಿದ್ದೆ. ಶರಣ್ಯ ಶಾಲೆಯಲ್ಲಿದ್ದಳು. ಸಂಪು ತುಂಬುವುದನ್ನು ನೋಡಿ, ಟ್ಯಾಂಕರ್‌ನವನನ್ನು ಕಳಿಸಿ ಒಳಗೆ ಬಂದಾಗ ನನ್ನ ಪತಿ ಇರಲಿಲ್ಲ. ಬಿಳಿ ಪಂಚೆ, ಕಂದು ಅಂಗಿ, ತೊಗಲಿನ ಚಪ್ಪಲಿ ಹಾಕಿಕೊಂಡಿದ್ದರು. ಸ್ಟೋರ್ ರೂಮಿನ ಬೀಗ ಹಾಗೇ ಇತ್ತು. ಅವರ ದಿಂಬಿನ ಕೆಳಗೆ ಬಟ್ಟೆಯಲ್ಲಿ ಕಟ್ಟಿದ್ದ ಒಂದು ಹಿಡಿ ಹಸಿ ಬೀಜ ಸಿಕ್ಕಿತು. ಮೊದಲೇ ತೆಗೆದಿಟ್ಟುಕೊಂಡಿದ್ದರು. ಮಧ್ಯಾಹ್ನದ ಮಾತ್ರೆ ಡಬ್ಬಿಯಲ್ಲೇ ಇತ್ತು. ಐದನೇ ಮುಖ್ಯರಸ್ತೆ, ಮಠದ ಅಂಗಳ, ಪಾರ್ಕು ಎಲ್ಲಾ ಹುಡುಕಿ ಮೂರು ಗಂಟೆಗೆ ಠಾಣೆಗೆ ಬಂದು ದೂರು ಕೊಟ್ಟೆ. ಅಷ್ಟು ದೂರ ಹೋಗಬಲ್ಲರೆಂದು ತಿಳಿಯದೆ ಅಕ್ಕಿಪೇಟೆಯನ್ನು ನಾನು ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಠಾಣೆಯವರು ರುದ್ರೇಶ್ ಎಂಬ ಆಟೋ ಚಾಲಕರನ್ನು ಕರೆತಂದರು. ಅವರು ಗುರುವಾರ ನನ್ನ ಪತಿಯನ್ನು ನಮ್ಮ ಬೀದಿ ಮೂಲೆಯಲ್ಲಿ ಹತ್ತಿಸಿಕೊಂಡು ಅಕ್ಕಿಪೇಟೆಯಲ್ಲಿ ಇಳಿಸಿದ್ದಾಗಿ ಹೇಳಿದರು. ಹತ್ತುವ ಮೊದಲು ನನ್ನ ಪತಿ ಪಕ್ಕಕ್ಕೆ ಸರಿದು, ಮೂರು ಸಲ ಕೈ ತೋರಿಸಿ, ಕೊನೆಗೆ ತಾವು ಹತ್ತಿದರಂತೆ. ಸೀಟಿನ ಅಂಚಿನಲ್ಲಿ ಅರ್ಧ ಮಾತ್ರ ಕೂತಿದ್ದರಂತೆ. ರುದ್ರೇಶ್‌ರವರು ನನ್ನ ಎದುರು ಹೇಳಿದ್ದು: "ಮೇಡಂ, ಕಣ್ಣಿಗೆ ಕಂಡಿದ್ದು ಅವರೊಬ್ಬರೇ. ಆದ್ರೆ ಕಾಟನ್‌ಪೇಟೆ ಕಡೆ ತಿರುಗಿದಾಗ ಗಾಡಿ ಎಳೀಲೇ ಇಲ್ಲ. ಫುಲ್ ಲೋಡ್ ಹಾಕಿದಂಗೆ ಕೂತ್ಬಿಟ್ಟಿತ್ತು. ಅವರು ಇಳಿದ್ಮೇಲೆ ಒಂದ್ಸಲ ಅಲ್ಲ, ನಾಲ್ಕು ಸಲ ಗಾಡಿ ಮೇಲೆದ್ದಿದ್ದು ನಂಗೆ ಗೊತ್ತಾಯ್ತು." ರುದ್ರೇಶ್‌ರವರು ಕುಡಿದಿರಲಿಲ್ಲ. ಹೇಳುವಾಗ ಕೈ ಕಟ್ಟಿಕೊಂಡಿದ್ದರು.

ಅಕ್ಕಿಪೇಟೆ ಎಂದ ಕೂಡಲೇ ನನಗೆ ತಿಳಿಯಿತು. ಪೇದೆಯವರೊಂದಿಗೆ ನಾನು, ಶರಣ್ಯ ಒಂಬತ್ತು ಗಂಟೆಗೆ ಹಳೆಯ ಅಂಗಡಿಯ ಬೀದಿ ತಲುಪಿದೆವು. ಲಾರಿಯಿಂದ ಮೂಟೆ ಇಳಿಯುತ್ತಿದ್ದವು. ಕೈಗಾಡಿಗಳು, ಸ್ಕೂಟರ್‌ಗಳು ಒತ್ತಿಕೊಂಡು ಹೋಗುತ್ತಿದ್ದವು. ನಮ್ಮ ಅಂಗಡಿಯ ಜಗಲಿಯ ಮೇಲೆ, ಶಟರಿನ ಮುಂದೆ, ನನ್ನ ಪತಿ ನಿಂತಿದ್ದರು. ಒಂದು ಕಾಲು ಮುಂದೆ, ಹಿಮ್ಮಡಿ ಎತ್ತಿದೆ. ಬಲಗೈ ಒಳಕ್ಕೆ ಬನ್ನಿ ಎಂದು ಕರೆಯುವ ಹಾಗೆ ಚಾಚಿದೆ. ಕಣ್ಣು ಮಾತ್ರ ಅಲುಗುತ್ತಿತ್ತು. ಜನ ಅವರ ಮುಂದೆಯೇ ಓಡಾಡುತ್ತಿದ್ದರು, ಯಾರೂ ತಿರುಗಿ ನೋಡುತ್ತಿರಲಿಲ್ಲ.

ಅಲ್ಲಿ ಮೂಟೆ ಹೊರುವ ದಾಸಪ್ಪ ಎಂಬುವರನ್ನು ಪೇದೆಯವರು ವಿಚಾರಿಸಿದರು. ಹಿಂದಿನ ದಿನ ಸಾಯಂಕಾಲ ತಾವು ಮನೆಗೆ ಹೊರಟಾಗ ನನ್ನ ಪತಿ ಅದೇ ಜಗಲಿಯಲ್ಲಿ ಕೂತು ಕೈ ಆಡಿಸಿಕೊಂಡು ಖುಷಿಯಾಗಿ ಮಾತನಾಡುತ್ತಿದ್ದರೆಂದು ಹೇಳಿದರು. "ಬೀಗದ ಕೈ ಬರಬೇಕು, ಅಷ್ಟರವರೆಗೆ ಇವರನ್ನ ಕೂರಿಸಿಕೊಂಡಿದೀನಿ ಅಂದ್ರು. ಇವರು ಅಂದ್ರೆ ಯಾರು ಅಂತ ನಾನು ಕೇಳ್ಲಿಲ್ಲ ಸಾರ್. ದೊಡ್ಡೋರ ಮಾತು" ಎಂದರು. ಬೆಳಿಗ್ಗೆ ದಾಸಪ್ಪನವರು ಬಂದಾಗ ನನ್ನ ಪತಿ ನಾವು ಕಂಡ ಹಾಗೆಯೇ ನಿಂತಿದ್ದರಂತೆ. ಬೀಜದ ಬಲ ಇಳಿದು, ಮಾತ್ರೆಯೂ ಇಲ್ಲದೆ ಮೈ ಹಿಡಿದಿತ್ತೆಂದು ವೈದ್ಯರು ನಂತರ ತಿಳಿಸಿದರು. ಯಾವ ಹೊತ್ತಿನಿಂದ ನಿಂತಿದ್ದರೋ ಗೊತ್ತಿಲ್ಲ. ಪಾದ ಬಾತು ಚಪ್ಪಲಿಯ ಪಟ್ಟಿ ಮಾಂಸದೊಳಗೆ ಕೂತಿತ್ತು.

ನಾನು ಜಗಲಿ ಹತ್ತಿ ಅವರ ಕಾಲಿನ ಮುಂದೆ ನನ್ನ ಪಾದ ಅಡ್ಡ ಇಟ್ಟೆ. ಬಹಳ ಹೊತ್ತು ಏನೂ ಆಗಲಿಲ್ಲ. "ದಾಟಿ, ಮನೆಗೆ ಹೋಗೋಣ" ಎಂದೆ. ಕಾಲು ಎದ್ದಿತು. ನನ್ನ ಪಾದವನ್ನು ದಾಟಿದರು. ಹಾಗೆ ಹೆಜ್ಜೆಗೊಂದು ಪಾದ ಇಟ್ಟು ಜೀಪಿನವರೆಗೆ ಕರೆದುಕೊಂಡು ಬಂದೆ. ಮೂಟೆ ಹೊರುವವರು ಲಾರಿ ನಿಲ್ಲಿಸಿ ದಾರಿ ಬಿಟ್ಟರು.

ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟ ಮೇಲೆ ಸಂಜೆಗೆ ಮಾತು ಬಂತು. ಮೊದಲ ಮಾತು, "ಅವರೆಲ್ಲಿ?" ಎಂದು. ಇಲ್ಲಿ ಯಾರೂ ಇಲ್ಲವೆಂದೆ. ವಾರ್ಡನ್ನೆಲ್ಲ ಕಣ್ಣಲ್ಲೇ ಹುಡುಕಿ, ಹೌದು ಯಾರೂ ಕಾಣುತ್ತಿಲ್ಲ ಎಂದು ಒಪ್ಪಿಕೊಂಡರು. ಸ್ವಲ್ಪ ಹೊತ್ತಿನ ನಂತರ ಅವರ ಕಣ್ಣಲ್ಲಿ ನೀರು ಬಂತು. "ಅಲ್ಲೇ ಕೂರಿಸಿ ಬಂದ್ಬಿಟ್ಟೆ ಮಹಾ. ಇಗೋ ಬಾಗಿಲು ತೆಗೀತೀನಿ ಅಂತ ಎದ್ದೆ, ಕಾಲು ಬರ್ಲಿಲ್ಲ. ಅವರು ಎಷ್ಟು ಹೊತ್ತು ಅಂತ ಕಾಯ್ತಾರೆ" ಎಂದರು.

ಶನಿವಾರ ಬೆಳಿಗ್ಗೆ ಅವರು ಮಾತ್ರೆಗೆ ಬಾಯಿ ತೆರೆಯಲಿಲ್ಲ. ನೀರೂ ಕುಡಿಯಲಿಲ್ಲ. ಮಾತ್ರೆ ಒಮ್ಮೆಲೇ ನಿಂತರೆ ಜ್ವರ ಏರಿ ಪ್ರಾಣಕ್ಕೇ ಅಪಾಯವೆಂದು ಡಾ. ಕಶ್ಯಪ್ ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಒಳಗೆ ಬಂದು, ಆ ಮೂವರಿಗೆ ಹೇಳಿ ಕಳಿಸಿದ್ದೇನೆ, ಹೊರಟುಹೋದರು ಎಂದೆ. ನನ್ನ ಪತಿ ನನ್ನ ಮುಖವನ್ನೇ ನೋಡಿ ಕಣ್ಣು ಮುಚ್ಚಿಕೊಂಡರು. ಬಾಯಿ ತೆರೆಯಲಿಲ್ಲ.

ಆದ್ದರಿಂದ ನಾನು ಶರಣ್ಯಳನ್ನು ಅವರ ಹತ್ತಿರ ಬಿಟ್ಟು ಅಕ್ಕಿಪೇಟೆಗೆ ಹೋದೆ. ಹನ್ನೊಂದು ಗಂಟೆಯ ಬಿಸಿಲು. ಬೀದಿ ತುಂಬಾ ಜನ. ಜಗಲಿಯ ಕೆಳಗೆ ನಿಂತು, ಶಟರಿನ ಕಡೆ ಮುಖ ಮಾಡಿ ಗಟ್ಟಿಯಾಗಿಯೇ ಹೇಳಿದೆ: "ಯಜಮಾನ್ರಿಗೆ ಹುಷಾರಿಲ್ಲ. ಅವರು ಬರೋಕಾಗಲ್ಲ. ಈ ಅಂಗಡಿ ನಮ್ಮದಲ್ಲ ಈಗ. ನೀವು ತಂದಿದ್ದು ಒಳ್ಳೇ ಮಾಲೇ, ಆದ್ರೆ ತಗೊಳ್ಳೋರು ಇಲ್ಲಿ ಯಾರೂ ಇಲ್ಲ. ಕಾಯಬೇಡಿ. ಊರಿಗೆ ಹೊರಡಿ." ದಾಸಪ್ಪನವರು ಮೂಟೆ ಇಳಿಸಿ ತಲೆಯ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದು ನಿಂತರು.

ಹೊರಡುವಾಗ ಜಗಲಿ ನೋಡಿದೆ. ಅಲ್ಲಿ ತೌಡಿನ ಧೂಳು ಬೆರಳಿಟ್ಟರೆ ಗುರುತು ಮೂಡುವಷ್ಟು ಕೂತಿತ್ತು. ಅದರಲ್ಲಿ ಸಾಲಾಗಿ ಮೂರು ಕಡೆ ಕಲ್ಲು ಶುಭ್ರವಾಗಿ ಕಾಣುತ್ತಿತ್ತು. ಪೇಟೆ ಬೀದಿ, ಯಾರು ಬೇಕಾದರೂ ಕೂತು ಎದ್ದಿರಬಹುದು. ನಾನು ಬಂದಾಗ ಅದು ಹಾಗೆ ಇತ್ತೋ ಇಲ್ಲವೋ ನೋಡಿರಲಿಲ್ಲ.

ಠಾಣೆಯವರು ಕೇಳಿದ್ದಕ್ಕೆ ನನ್ನ ಉತ್ತರ ಇಷ್ಟೇ: ಆ ಮೂವರು ಯಾರೆಂದು ನನಗೆ ಗೊತ್ತಿಲ್ಲ, ನಾನು ಅವರನ್ನು ನೋಡಿಲ್ಲ, ಅವರಿಂದ ನಮಗೆ ಯಾವ ಕೇಡೂ ಆಗಿಲ್ಲ. ರುದ್ರೇಶ್ ಮತ್ತು ದಾಸಪ್ಪನವರ ಮೇಲೆ ನನ್ನ ಸಂಶಯ ಇಲ್ಲ, ಅವರನ್ನು ಮತ್ತೆ ಕರೆಸಬೇಡಿ ಎಂದು ಕೋರುತ್ತೇನೆ. ಹಸಿ ಬೀಜವನ್ನೆಲ್ಲ ಸುಟ್ಟಿದ್ದೇನೆ. ಬೇಯಿಸಿದ ಮೇವು ತಿಂದ ಎರಡನೇ ಗೂಡಿನ ಕೋಳಿಗಳು ಸೋಯಾದವುಗಳಷ್ಟೇ ಚೆನ್ನಾಗಿ ಮೊಟ್ಟೆ ಇಡುತ್ತಿವೆ. ಆದರೂ ಇನ್ನು ಹುರುಳಿ, ಅಲಸಂದೆ ಬಿಟ್ಟು ಬೇರೆ ಕಾಳು ಮನೆಗೆ ತರುವುದಿಲ್ಲ.

ಶನಿವಾರ ಆಸ್ಪತ್ರೆಗೆ ಮರಳಿದಾಗ ನನ್ನ ಪತಿ ಕಣ್ಣು ಬಿಟ್ಟು, "ಹೇಳಿದ್ಯಾ?" ಎಂದು ಕೇಳಿದರು. ಹೇಳಿದೆ ಎಂದೆ. "ಏನಂದ್ರು?" ಎಂದರು. "ಎದ್ದು ಹೋದ್ರು" ಎಂದೆ. ಅವರು ನನ್ನ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬಾಯಿ ತೆರೆದರು. ನಾನು ಮಾತ್ರೆ ಹಾಕಿ ನೀರು ಕುಡಿಸಿದೆ.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ. ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ, ನನಗೆ ತಿಳಿದ ಮಟ್ಟಿಗೆ ನಿಜ.

ಸ್ಥಳ: ಬೆಂಗಳೂರು
ದಿನಾಂಕ: 18-03-2024

(ಸಹಿ) ಮಹಾನಂದ